ಐದನೆಯ ಮಾತ್ರೆ

ಉಕುಲೆಲೆ ಎಂಬ ಪುಟ್ಟ ಗಿಟಾರಿನಂಥ ವಾದ್ಯವನ್ನು ಕೈಗೆತ್ತಿಕೊಂಡವರಿಗೆ ಮೊದಲ ವಾರದಲ್ಲೇ ಒಂದು ಸಂತೋಷ ಸಿಗುತ್ತದೆ. ನಾಲ್ಕೇ ತಂತಿ, ಅದೂ ನೈಲಾನ್ ಆದ್ದರಿಂದ ಬೆರಳು ಕೊಯ್ಯುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ತಂತಿಯ ಮೂರನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿಯೇ ಫ್ರೆಟ್) ಒಂದು ಬೆರಳಿಟ್ಟರೆ ಸಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಸಿದ್ಧ. ಎ ಮೈನರ್‌ಗೂ ಒಂದೇ ಬೆರಳು ಸಾಕು, ಅದನ್ನು ಎತ್ತದೆ ಇನ್ನೊಂದು ಸೇರಿಸಿದರೆ ಎಫ್. ಇಷ್ಟರಲ್ಲೇ ಹಾಡಿಕೊಳ್ಳಬಹುದು. ಆದರೆ ಆಮೇಲೆ ಬಹಳ ಕಾಲ ಅಲ್ಲಿಯೇ ನಿಂತುಬಿಡುತ್ತೇವೆ. ಗೊತ್ತಿರುವ ಕಾರ್ಡ್‌ಗಳು ಹೆಚ್ಚುತ್ತಾ ಹೋಗುತ್ತವೆ, ನುಡಿಸಾಣಿಕೆ ಮಾತ್ರ ಬೆಳೆಯುವುದಿಲ್ಲ. ಕಣ್ಣೆಲ್ಲ ಎಡಗೈಯ ಮೇಲಿರುವುದೇ ಇದಕ್ಕೆ ಕಾರಣ. ಬಲಗೈ ಏನು ಮಾಡುತ್ತಿದೆ ಎಂಬುದನ್ನು ಬೇರೆ ಯಾರಾದರೂ ನೋಡಿ ಹೇಳಬೇಕು. ನನಗೆ ಹಾಗೆ ಹೇಳಿದವರು ಬೆಳಗಾವಿಯ ವಡಗಾವಿಯಲ್ಲಿರುವ ಒಬ್ಬ ತಬಲಾ ಮಾಸ್ತರರು. ಅವರು ಅದುವರೆಗೆ ಉಕುಲೆಲೆಯನ್ನು ಮುಟ್ಟಿಯೂ ನೋಡಿದವರಲ್ಲ.

ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಭಜನೆ ಇರುತ್ತದೆ. ವಚನ, ತತ್ವಪದಗಳೇ ಹೆಚ್ಚು. ಪೇಟಿ, ತಬಲಾ, ತಾಳ ಇಷ್ಟೇ ಮೇಳ. ಅದರಲ್ಲಿ ಕುಳಿತು ನುಡಿಸಬೇಕೆಂಬುದು ನನ್ನ ಬಹುದಿನದ ಆಸೆ. ಇದನ್ನು ವಿಚಿತ್ರವೆಂದು ಯಾರೂ ಎಣಿಸಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪೇಟಿಯೂ ಯುರೋಪಿನಿಂದಲೇ ಬಂದದ್ದಲ್ಲವೇ? ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾಗಿ ನಮ್ಮ ಗುಡಿಗಳನ್ನು ಸೇರಿಕೊಂಡಿತು. ಉಕುಲೆಲೆಯ ಕಥೆಯೂ ಹೀಗೆ ವಲಸೆಯದೇ. 1879ರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಹವಾಯಿಗೆ ಹಡಗೇರಿದವರು ತಮ್ಮ ಪುಟ್ಟ ಗಿಟಾರನ್ನೂ ಜೊತೆಗೆ ಒಯ್ದರು. ಅವರಲ್ಲಿದ್ದ ಬಡಗಿಗಳು ಅಲ್ಲಿನ ಮರದಲ್ಲಿ ಅದನ್ನು ಮತ್ತೆ ಕಟ್ಟಿದರು.

ಪೇಟಿಯವರು ಹಾಡುವುದು ಕಪ್ಪು ಒಂದರ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ಮೊದಲ ಫ್ರೆಟ್‌ಗೆ ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರೆ ನನ್ನ ಸಿ ಕಾರ್ಡ್ ಅವರ ಷಡ್ಜದ ಮೇಲೆ ಬಂದು ಕೂರುತ್ತದೆ. ಶ್ರುತಿಯ ತೊಡಕು ಅಲ್ಲಿಗೆ ಮುಗಿಯಿತು. ಮಾಸ್ತರರು, "ಸೋಮವಾರ ನೇರವಾಗಿ ಗುಡಿಗೆ ಬರಬೇಡ ತಂಗಿ. ಭಾನುವಾರ ಮನೆಗೆ ಬಂದು ಒಮ್ಮೆ ನುಡಿಸಿ ತೋರಿಸು" ಎಂದಿದ್ದರು.

ಆ ಭಾನುವಾರ ಬೆಳಗಾವಿಯ ಮಳೆ ಬಿಡುವು ಕೊಟ್ಟಿರಲಿಲ್ಲ. ತೇವಕ್ಕೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿದಿತ್ತು. ಮಾಸ್ತರರು ಸಣ್ಣ ಸುತ್ತಿಗೆಯಿಂದ ಅಂಚನ್ನು ತಟ್ಟುತ್ತಾ, ನನ್ನ ತಂತಿಗಳನ್ನು ಒಂದೊಂದಾಗಿ ಮೀಟಲು ಹೇಳಿದರು. ಮೇಲಿನಿಂದ ಕೆಳಕ್ಕೆ ಪ, ಸ, ಗ, ಧ. ಅವರು ತಕ್ಷಣ ಕೈ ನಿಲ್ಲಿಸಿದರು. "ಪಂಚಮ ಷಡ್ಜಕ್ಕಿಂತ ಮೇಲಿದೆಯಲ್ಲ? ಮೊದಲು ಬರುವ ತಂತಿ ಕೆಳಗಿನ ಸ್ವರದ್ದಾಗಿರಬೇಕಲ್ಲವೇ?" ಉಕುಲೆಲೆಯ ರೂಢಿಯ ಶ್ರುತಿಯೇ ಹಾಗೆ. ಕೆಳಗಿನಿಂದ ಎಣಿಸಿದರೆ ನಾಲ್ಕನೆಯದಾಗುವ ಈ ಪಂಚಮದ ತಂತಿ ಮೂರನೆಯದಕ್ಕಿಂತಲೂ ಎರಡನೆಯದಕ್ಕಿಂತಲೂ ಎತ್ತರದ ಸ್ವರದಲ್ಲಿರುತ್ತದೆ. ಆ ವಾದ್ಯದ ಹಗುರ ನಾದಕ್ಕೆ ಇದೂ ಒಂದು ಕಾರಣ. ಅವರು ಕ್ಷಣ ಯೋಚಿಸಿ, "ತಂಬೂರಿಯಲ್ಲೂ ಖರ್ಜ, ಕೆಳಗಿನ ಷಡ್ಜ, ಬರುವುದು ಕೊನೆಗೆ. ಇರಲಿ, ನುಡಿಸು" ಎಂದರು.

ನಾನು ನುಡಿಸಿದ್ದು ಎಲ್ಲರೂ ಮೊದಲು ಕಲಿಯುವ ಮೀಟು: ಕೆಳಗೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ. ಅವರು ನಾಲ್ಕು ಸುತ್ತು ಕೇಳಿ ಕೈಯೆತ್ತಿದರು. ನನ್ನ ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಮಲಗಿಸಲು ಹೇಳಿದರು. "ಸ್ವರ ಬೇಡ. ಬರೀ ಸದ್ದು ಕೇಳಿಸು." ತಂತಿಗಳು ಮುಚ್ಚಿಹೋದಾಗ ಉಳಿದದ್ದು ಟಕ್ ಟಕ್ ಎಂಬ ಒಣ ಸದ್ದೊಂದೇ. ಕಾರ್ಡ್‌ಗಳ ಇಂಪು ಏನೇನನ್ನೆಲ್ಲ ಮುಚ್ಚಿಕೊಂಡಿತ್ತು ಎಂಬುದು ನನಗೂ ಆಗಲೇ ಕೇಳಿಸಿದ್ದು.

ಅವರು ಬಾಯಲ್ಲಿ ಕಹರವಾ ತಾಳ ಹಿಡಿದರು: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಒಂದಕ್ಕೆ ಚಪ್ಪಾಳೆ, ಐದಕ್ಕೆ ಖಾಲಿ, ಅಂದರೆ ಅಂಗೈ ಬಿಚ್ಚಿ ಗಾಳಿಯಲ್ಲಿ ಬೀಸುವುದು. ನನ್ನ ಮೀಟನ್ನು ಅದರ ಮೇಲೆ ಹಾಸಿ ನೋಡಿದರೆ ಹೀಗಿದೆ: ಒಂದರಲ್ಲಿ ಕೆಳಗೆ, ಎರಡು ಮೌನ, ಮೂರರಲ್ಲಿ ಕೆಳಗೆ, ನಾಲ್ಕರಲ್ಲಿ ಮೇಲೆ, ಐದು ಮೌನ, ಆರರಲ್ಲಿ ಮೇಲೆ, ಏಳರಲ್ಲಿ ಕೆಳಗೆ, ಎಂಟರಲ್ಲಿ ಮೇಲೆ. ತಬಲಾದವರು ಖಾಲಿ ತೋರಿಸುವ ಮಾತ್ರೆಯಲ್ಲೇ ಉಕುಲೆಲೆಯೂ ಸುಮ್ಮನಿರುತ್ತದೆ. ಈ ಹೊಂದಾಣಿಕೆ ಕಂಡಾಗ ನನಗಾದ ಖುಷಿ ಇವತ್ತಿಗೂ ಇಳಿದಿಲ್ಲ.

ತೊಂದರೆ ಇದ್ದದ್ದೂ ಅಲ್ಲಿಯೇ. "ಐದರಲ್ಲಿ ನಿನ್ನ ಕೈ ಎಲ್ಲಿರುತ್ತದೆ?" ಎಂದು ಕೇಳಿದರು. ನೋಡಿದರೆ, ನಾಲ್ಕನೆಯ ಮಾತ್ರೆಗೆ ಮೇಲೆ ಹೋದ ಕೈ ಅಲ್ಲೇ ನಿಂತಿರುತ್ತಿತ್ತು. ಸದ್ದು ಮಾಡುವ ಕೆಲಸವಿಲ್ಲವೆಂದು ಚಲನೆಯನ್ನೂ ಬಿಟ್ಟಿತ್ತು. ಆರರಲ್ಲಿ ಮೇಲಕ್ಕೆ ಮೀಟಬೇಕಾದರೆ ಐದರಲ್ಲಿ ಕೆಳಗೆ ಬಂದಿರಬೇಕು. ಬಾರದ ಕೈ ಕೊನೆಯ ಕ್ಷಣದಲ್ಲಿ ಧಾವಿಸುತ್ತಿತ್ತು, ಆರು ಬೇಗ ಬರುತ್ತಿತ್ತು, ಸಮಕ್ಕೆ, ಅಂದರೆ ಮತ್ತೆ ಒಂದನೆಯ ಮಾತ್ರೆಗೆ, ಬರುವ ಹೊತ್ತಿಗೆ ಅವರು ಇನ್ನೂ ಎಂಟರಲ್ಲಿರುತ್ತಿದ್ದರು. ಕೈ ಎಂಟೂ ಮಾತ್ರೆ ಕೆಳಗೆ ಮೇಲೆ ಓಡಾಡುತ್ತಲೇ ಇರಬೇಕು, ಎರಡು ಮತ್ತು ಐದರಲ್ಲಿ ತಂತಿಯನ್ನು ತಾಕದೆ ಹಾದುಹೋಗಬೇಕು ಎಂದು ಅವರು ವಿವರಿಸಿದರು. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಮಾತು ತೆಗೆದು, ಅವರ ಹಾಡಿಕೆಯಲ್ಲಿ ದನಿ ನಿಲ್ಲುವ ಜಾಗಗಳಲ್ಲೂ ಲಯ ಹೇಗೆ ನಡೆಯುತ್ತಿರುತ್ತದೆ ಎಂಬುದನ್ನು ತೊಡೆ ತಟ್ಟಿ ತೋರಿಸಿದರು.

ಆಮೇಲಿನ ತಿದ್ದುಪಡಿಗಳು ಚಿಕ್ಕವು. ನಾನು ಮೊಣಕೈಯಿಂದ ಬೀಸುತ್ತಿದ್ದೆ. ಮುಂದೋಳನ್ನು ವಾದ್ಯದ ಅಂಚಿಗೆ ಒರಗಿಸಿ ಮಣಿಕಟ್ಟನ್ನು ಮಾತ್ರ ತಿರುಗಿಸಲು ಹೇಳಿದರು, ಒದ್ದೆ ಕೈಯ ನೀರು ಕೊಡವಿದಷ್ಟು ಸಡಿಲವಾಗಿ. ಕೆಳಕ್ಕೆ ಹೋಗುವಾಗ ತೋರುಬೆರಳಿನ ಉಗುರು, ಮೇಲಕ್ಕೆ ಬರುವಾಗ ಬೆರಳಿನ ಮೆತ್ತನೆಯ ತುದಿ ತಾಕಬೇಕೆಂಬುದು ನನಗೆ ಮೊದಲೇ ಗೊತ್ತಿತ್ತು. ಆದರೆ ಕತ್ತು ಒಡಲನ್ನು ಸೇರುವ ಜಾಗದಲ್ಲಿ ಮೀಟಿದರೆ ನಾದ ದುಂಡಗಾಗುತ್ತದೆ ಎಂಬುದನ್ನು ಕಂಡುಹಿಡಿದವರು ಅವರೇ. ತಬಲಾದಲ್ಲಿ ಕಿನಾರದ, ಅಂದರೆ ಅಂಚಿನ, ಸದ್ದು ಬೇರೆ, ಅದರ ಒಳಗಿನ ಮೈದಾನದ ಸದ್ದು ಬೇರೆ. ಆ ಕಿವಿಗೆ ಇದು ಕೂಡಲೇ ಹೊಳೆದಿರಬೇಕು. ಎಡಗೈಯ ಬಗ್ಗೆ ಹೇಳಿದ್ದು ಒಂದೇ ಮಾತು: "ಅಷ್ಟು ಒತ್ತಬೇಡ, ಸ್ವರ ಏರುತ್ತಿದೆ." ಬೆರಳನ್ನು ಫ್ರೆಟ್‌ನ ಹಿಂದೆಯೇ, ಅದಕ್ಕೆ ಅಂಟಿದಂತೆ ಇಟ್ಟರೆ ಅರ್ಧ ಒತ್ತಡಕ್ಕೂ ತಂತಿ ಸ್ವಚ್ಛವಾಗಿ ನುಡಿಯುತ್ತದೆ.

ಆ ಸೋಮವಾರ ನಾನು ಮೇಳದಲ್ಲಿ ಕೂರಲಿಲ್ಲ, ಕೇಳಲು ಹೋದೆ. ಮುಂದಿನ ದಿನಗಳ ಅಭ್ಯಾಸವೆಲ್ಲ ಮುಚ್ಚಿದ ತಂತಿಗಳ ಮೇಲೆಯೇ ನಡೆಯಿತು, ವಿಲಂಬಿತ ಲಯದಲ್ಲಿ, ಬಾಯಲ್ಲಿ ಬೋಲ್, ಅಂದರೆ ತಾಳದ ಅಕ್ಷರಗಳನ್ನು, ಹೇಳಿಕೊಂಡು. ನಿಧಾನವಾಗಿ ನುಡಿಸುವುದು ವೇಗವಾಗಿ ನುಡಿಸುವುದಕ್ಕಿಂತ ಕಷ್ಟ. ಮಾತ್ರೆಗಳ ನಡುವೆ ಜಾಗ ಹೆಚ್ಚಾದಷ್ಟೂ ಕೈಗೆ ನಿಂತುಬಿಡುವ ಆಸೆ ಹೆಚ್ಚುತ್ತದೆ. ಸಮ ಅಂತರದಲ್ಲಿ ಟಿಕ್ ಎನ್ನುವ ಮೊಬೈಲಿನ ಮೆಟ್ರೊನೋಮ್ ಬಳಸಿದೆ, ಸಹಾಯವಾಯಿತು. ಹೆಚ್ಚು ಕಲಿಸಿದ್ದು ಮಾತ್ರ ನಮ್ಮ ಹಿಂದಿನ ಓಣಿಯ ವಿದ್ಯುತ್ ಮಗ್ಗ. ವಡಗಾವಿಯಲ್ಲಿ ನೇಕಾರರ ಮನೆಗಳು ಬಹಳ. ಹಗಲಿನಲ್ಲಿ ಹಲವು ಮಗ್ಗಗಳು ಒಟ್ಟಿಗೆ ಓಡುವಾಗ ಒಂದರ ಲಯ ಇನ್ನೊಂದರಲ್ಲಿ ಕಲಸಿಹೋಗುತ್ತದೆ. ರಾತ್ರಿ ಒಂದೇ ಮಗ್ಗ ಉಳಿದಾಗ ಅದರ ಬಡಿತ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೆ ಹೊಂದಿಸಿ ನುಡಿಸಲು ಕುಳಿತರೆ ಅದು ನನಗಾಗಿ ಕಾಯುವುದಿಲ್ಲ, ಮೆಟ್ರೊನೋಮಿನಂತೆ ನನಗೆ ಅನುಕೂಲವಾದ ಅಂಕಿಗೆ ಇಳಿಸಲೂ ಬರುವುದಿಲ್ಲ.

ಮೀಟಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮಾಸ್ತರರಿಗೆ ಕೇಳಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಎಣಿಸಿ, "ಈಗ ಐದು ಬಂತು, ಎರಡು ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಸದ್ದೇ ಇಲ್ಲದ ಮಾತ್ರೆ ಬಂತೋ ಇಲ್ಲವೋ ಎಂಬುದನ್ನು ಅದರ ಮುಂದಿನ ಸದ್ದಿನಿಂದ ಗುರುತಿಸುವ ಆ ಕಿವಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಚೆನ್ನಾಗಿದೆ ಎಂದು ಹೇಳಿಬಿಡುವ ಸ್ನೇಹಿತರು ನನಗೆ ಸಾಕಷ್ಟು ಇದ್ದರು, ಅವರ ಪ್ರೀತಿ ದೊಡ್ಡದು. ಯಾವ ಮಾತ್ರೆ ಎಂದು ಬೆರಳಿಟ್ಟು ತೋರಿಸಿದವರು ಇವರೊಬ್ಬರೇ.

ಶ್ರಾವಣ ಮುಗಿಯುವ ಮೊದಲು ಒಂದು ಸೋಮವಾರ ಮೇಳದಲ್ಲಿ ಕುಳಿತೆ. ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಪಕ್ಕದಲ್ಲಿ ಜಾಗ ಕೊಟ್ಟರು. ಪೇಟಿಯವರ ದಾರಿಗೆ ಅಡ್ಡ ಬರದಂತೆ ಮೂರೇ ಕಾರ್ಡ್, ಅದರಲ್ಲೂ ಹೆಚ್ಚಿನ ಹೊತ್ತು ಷಡ್ಜದ ಮೇಲೆಯೇ. ಪ್ರತಿ ಸ್ವರಕ್ಕೂ ಕಾರ್ಡ್ ಬದಲಿಸಿದರೆ ವಚನದ ಧಾಟಿ ಕೆಡುತ್ತದೆ ಎಂಬುದು ಮಾಸ್ತರರ ಖಚಿತ ಅಭಿಪ್ರಾಯ, ನನ್ನದೂ ಅದೇ. ಮೂರನೆಯ ಪದದಲ್ಲಿ ಲಯ ಏರಿತು. ಕೈ ತಾನಾಗಿ ಓಡಿತು.

ಈಗ ಕೂತಿರುವುದು ದಾದರಾ ತಾಳದ ಮೇಲೆ. ಆರು ಮಾತ್ರೆ, ನಾಲ್ಕಕ್ಕೆ ಖಾಲಿ. ಕೆಳಗೆ ಮೇಲೆ ಎಂದು ಬಿಡದೆ ಮೀಟುತ್ತಾ ಹೋದರೆ ನಾಲ್ಕನೆಯದು ಮೇಲ್ಮೀಟಿಗೆ ಬೀಳುತ್ತದೆ, ತಾಳದ ಎರಡನೆಯ ಅರ್ಧ ತಲೆಕೆಳಗಾಗಿ ಶುರುವಾಗುತ್ತದೆ. ಕೆಳಗೆ, ಕೆಳಗೆ, ಮೇಲೆ ಎಂದು ಮೂರು ಮೂರಾಗಿ ಕಟ್ಟಿದರೆ ನಾಲ್ಕು ಮತ್ತೆ ಕೆಳಮೀಟಿಗೆ ಬರುತ್ತದೆ, ಆದರೆ ಒಂದರಿಂದ ಎರಡಕ್ಕೆ ಹೋಗುವಾಗ ಕೈ ಸದ್ದಿಲ್ಲದೆ, ಇಮ್ಮಡಿ ವೇಗದಲ್ಲಿ ಮೇಲೆ ಹೋಗಿ ಬರಬೇಕು. ಮಾಸ್ತರರಿಗೆ ಮೊದಲನೆಯದು ಇಷ್ಟ, ಖಾಲಿ ಖಾಲಿಯಂತೆ ಹಗುರವಾಗಿ ಕೇಳುತ್ತದೆ ಎನ್ನುತ್ತಾರೆ. ನನಗೆ ಎರಡನೆಯದರಲ್ಲಿ ಸಮ ಗಟ್ಟಿಯಾಗಿ ಸಿಗುತ್ತದೆ. ಎರಡನ್ನೂ ಧ್ವನಿಮುದ್ರಿಸಿ ಈ ಭಾನುವಾರ ಒಯ್ಯುತ್ತಿದ್ದೇನೆ.