ಜ್ವರ ಬಿಟ್ಟ ಮೇಲೆ

ಚಿಕೂನ್‌ಗುನ್ಯಾ ಜ್ವರ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಕಾಟ ಶುರುವಾಗುವುದೇ ಆಮೇಲೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮಾವನಿಗೆ ಈಗ ಅದೇ ಆಗಿದೆ. ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಚಹಾ ಲೋಟಕ್ಕೂ ಎರಡು ಕೈ ಬೇಕು.

ಈ ವೈರಸ್ಸಿಗೆಂದೇ ಮದ್ದಿಲ್ಲ. ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ, ಅಷ್ಟೇ. ಡೆಂಗಿ ಅಲ್ಲ ಅಂತ ಖಾತ್ರಿಯಾಗುವ ತನಕ ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬಾರದು, ರಕ್ತಸ್ರಾವದ ಭಯ. ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಸುಮ್ನೆ ಸಿಕ್ಕಿದ ನೋವಿನ ಮಾತ್ರೆ ನುಂಗುತ್ತಾರೆ.

ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ವರ್ಷ ದಾಟುವುದೂ ಉಂಟು. ಫಿಸಿಯೋಥೆರಪಿಯ ಹುಡುಗಿ ಮೆತ್ತನೆ ಚೆಂಡು ಕೊಟ್ಟಿದ್ದಾಳೆ. "ಮೆಲ್ಲಗೆ ಒತ್ತಿ ಅಂಕಲ್, ನೋವು ಜಾಸ್ತಿಯಾದರೆ ಬಿಟ್ಟುಬಿಡಿ" ಅಂತಾಳೆ. ಮಾವ ಚೆಂಡು ಮೂಲೆಗಿಟ್ಟು ಬಿಸಿನೀರಲ್ಲಿ ಕೈ ಅದ್ದಿ, ಚಪಾತಿ ಹಿಟ್ಟು ನಾದಲು ಕೂರುತ್ತಾರೆ. ಅತ್ತೆಗೆ ಲಾಭವೇ ಆಯ್ತು ಅಲ್ವಾ!

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಜ್ವರ ಬಿಟ್ಟಿತು ಅಂದ ಕೂಡಲೇ ಹೋಟೆಲಿನವರು ರಜೆ ಮುಗಿಯಿತು ಅನ್ನುತ್ತಾರೆ. ದಿನವಿಡೀ ಕಾವಲಿ ಮುಂದೆ ನಿಲ್ಲುವವರ ಮೊಣಕಾಲಿನ ಗತಿ ಏನು? ಸದ್ಯ ಮಾವನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿದ್ದಾರೆ. ಸಂಬಳ ಮಾತ್ರ ಅರ್ಧ.