ಜಿಎಸ್‌ಟಿ ಮ್ಯಾಚಿಂಗ್ ಮಾಡುವವನಿಗೆ ಐಟಿಯಲ್ಲಿ ಯಾವ ಕೆಲಸ?

ಬಿ.ಕಾಂ. ಓದಿ ಲೆಕ್ಕ ಬರೆಯುವವನು ಐಟಿಗೆ ಹೋಗುತ್ತೇನೆ ಅಂದರೆ ಸಾಕು, ಮಂಡ್ಯದಲ್ಲಿ ಸಲಹೆಗೆ ಬರವಿಲ್ಲ. ಬೇಕರಿ ಮುಂದೆ ಟೀ ಕುಡಿಯುತ್ತಿದ್ದಾಗ ಒಬ್ಬ ‘ಫುಲ್ ಸ್ಟ್ಯಾಕ್ ಕಲಿ’ ಅಂದ, ಅಂದರೆ ವೆಬ್‌ಸೈಟಿನ ಕಣ್ಣಿಗೆ ಕಾಣುವ ಭಾಗ, ಹಿಂದಿನ ಭಾಗ ಎರಡನ್ನೂ ಕೋಡ್ ಮಾಡುವುದು. ಬೆಂಗಳೂರಿಂದ ವಾರಾಂತ್ಯಕ್ಕೆ ಊರಿಗೆ ಬಂದಿದ್ದ ಇನ್ನೊಬ್ಬ ‘ಅದನ್ನೆಲ್ಲ ಈಗ ಎಐ ಮಾಡುತ್ತೆ ಕಣೋ, ಸೈಬರ್ ಸೆಕ್ಯುರಿಟಿಗೆ ಹೋಗು’ ಅಂದ. ನಮ್ಮ ಚಿಕ್ಕಪ್ಪನಿಗೆ ಇವೆರಡೂ ಗೊತ್ತಿಲ್ಲ. ಆದರೆ ಅವರ ಸ್ನೇಹಿತರ ಮಗ ಸ್ಯಾಪ್ (ದೊಡ್ಡ ಕಂಪನಿಗಳು ಲೆಕ್ಕ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್) ಕಲಿತು ಜರ್ಮನಿಗೆ ಹೋಗಿದ್ದಾನೆ. ಹಾಗಾಗಿ ಸ್ಯಾಪ್.

ಎಲ್ಲರೂ ಹೇಳಿದ್ದು ಕೆಲಸದ ಹೆಸರು ಮತ್ತು ಸಂಬಳ. ಬೆಳಿಗ್ಗೆ ಹತ್ತಕ್ಕೆ ಸೀಟಲ್ಲಿ ಕೂತವನು ಸಂಜೆ ಏಳುವವರೆಗೆ ಏನು ಮಾಡುತ್ತಾನೆ ಅಂತ ಒಬ್ಬರೂ ಹೇಳಲಿಲ್ಲ. ನನಗೆ ಬೇಕಾಗಿದ್ದು ಅದೇ.

ನಾನು ಗುತ್ತಲು ರಸ್ತೆಯ ಒಂದು ಪಂಪ್‌ಸೆಟ್, ಪಿವಿಸಿ ಪೈಪಿನ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಇಷ್ಟೇ ನನ್ನ ಪ್ರಪಂಚ. ವಯಸ್ಸು ಮೂವತ್ತು ದಾಟಿದೆ. ದೊಡ್ಡಪ್ಪನ ಮಗಳು, ನಮ್ಮಕ್ಕ, ಮೈಸೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಭಾವನದು ಕ್ಲೌಡ್ ಕೆಲಸ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಸರ್ವರ್‌ಗಳನ್ನು ನೋಡಿಕೊಳ್ಳುವುದು. ‘ಸುಮ್ನೆ ಅವರಿವರನ್ನ ಕೇಳ್ಬೇಡ. ಶನಿವಾರ ಬಾ. ರಿಲೀಸ್ ಇದೆ, ಇಬ್ರೂ ಮನೆಯಿಂದಾನೇ ಕೆಲಸ ಮಾಡ್ತಿರ್ತೀವಿ. ಪಕ್ಕದಲ್ಲಿ ಕೂತು ನೋಡು’ ಅಂದಳು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ತಾನೆ. ಬೆಳಿಗ್ಗೆಯೇ ರೈಲು ಹತ್ತಿದೆ.

ದಾರಿಯಲ್ಲೇ ಸಿಗುತ್ತದೆ ಅಂತ ಮೊದಲು ಒಂದು ತರಬೇತಿ ಸಂಸ್ಥೆಗೆ ಹೋದೆ. ಗೋಡೆ ತುಂಬ ಕೆಲಸ ಸಿಕ್ಕವರ ಫೋಟೋಗಳು. ಕೌನ್ಸೆಲರ್ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಫುಲ್ ಸ್ಟ್ಯಾಕ್ ಕೋರ್ಸಿಗೆ ಫೀಸು 85,000 ರೂಪಾಯಿ, ಇಎಂಐ ಇದೆ, ಪ್ಲೇಸ್‌ಮೆಂಟ್ ಗ್ಯಾರಂಟಿ. ಅರ್ಜಿಯ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಗ್ಯಾರಂಟಿ ಹೋಗಿ ‘ನೆರವು’ ಆಗಿತ್ತು. ಸಣ್ಣ ಅಕ್ಷರ ಓದುವುದು ಅಕೌಂಟೆಂಟ್‌ನ ಚಟ, ಏನು ಮಾಡೋದು. ‘ಇದು ಕಲಿತವರು ಆಫೀಸಲ್ಲಿ ದಿನವಿಡೀ ಏನು ಮಾಡ್ತಾರಮ್ಮ?’ ಅಂತ ಕೇಳಿದೆ. ‘ಕೋಡಿಂಗ್ ಮಾಡ್ತಾರೆ ಸರ್’ ಅಂದಳು. ಪಾಪ, ಅವಳಿಗೂ ಅಷ್ಟೇ ಹೇಳಿಕೊಟ್ಟಿರುತ್ತಾರೆ.

ಕುವೆಂಪುನಗರದ ಅಕ್ಕನ ಮನೆಗೆ ಹೋದಾಗ ಅವಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪಕ್ಕದಲ್ಲಿ ಎರಡು ಫೋನು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಒಂದು ಆ್ಯಪ್ ಅವಳ ಕೈಯಲ್ಲಿತ್ತು. ಹುಟ್ಟಿದ ದಿನಾಂಕಕ್ಕೆ ಮುಂದಿನ ವರ್ಷದ ತಾರೀಖು ಹಾಕಿದಳು. ಹೆಸರಿನ ಜಾಗದಲ್ಲಿ ಬರೀ ಸ್ಪೇಸ್ ಒತ್ತಿದಳು. ಮೊಬೈಲ್ ನಂಬರಿಗೆ ಒಂದು ಅಂಕಿ ಕಮ್ಮಿ ಕೊಟ್ಟಳು. ಎಲ್ಲವನ್ನೂ ಆ್ಯಪ್ ಸರಿಯಾಗಿ ತಡೆಯಿತು. ಕೊನೆಗೆ ‘ಬುಕ್’ ಬಟನ್ನನ್ನು ಟಪಟಪ ಅಂತ ಎರಡು ಸಲ ಒತ್ತಿದಳು. ಒಬ್ಬನೇ ರೋಗಿಗೆ ಎರಡು ಟೋಕನ್ ಬಂತು! ಅವಳ ಮುಖದಲ್ಲಿ ಕಳ್ಳನನ್ನು ಹಿಡಿದ ಖುಷಿ. ಆಮೇಲೆ ಅದನ್ನು ಬರೆಯುವ ಕೆಲಸ. ಯಾವ ಫೋನು, ಯಾವ ವರ್ಷನ್, ಏನು ಒತ್ತಿದರೆ ಏನಾಯಿತು, ಏನಾಗಬೇಕಿತ್ತು, ಎಲ್ಲ ವಿವರವಾಗಿ. ಡೆವಲಪರ್‌ನಿಂದ ಉತ್ತರ ಬಂತು: ನನ್ನ ಸಿಸ್ಟಮ್‌ನಲ್ಲಿ ಹಾಗೆ ಬರ್ತಿಲ್ಲ. ಅಕ್ಕ ಒಂದು ಮಾತೂ ಆಡದೆ ವಿಡಿಯೋ ಮಾಡಿ ಕಳಿಸಿದಳು.

‘ಇದನ್ನ ಸರಿ ಮಾಡಿ ಕಳಿಸಿದ ಮೇಲೆ ಮತ್ತೆ ಎಲ್ಲಾನೂ ಮೊದಲಿಂದ ನೋಡ್ಬೇಕು ಕಣೋ. ನಿಂಗೆ ಬೇಜಾರಾಗಲ್ವಾ ಅಂತ ಯೋಚನೆ ಮಾಡು’ ಅಂದಳು. ಕೈಯಲ್ಲಿ ಮಾಡುವ ಟೆಸ್ಟಿಂಗ್ ಒಂದನ್ನೇ ನಂಬಿಕೊಂಡು ಬರಬೇಡ, ಟೆಸ್ಟನ್ನು ತಾನಾಗಿ ಓಡಿಸುವ ಸೆಲೆನಿಯಮ್ ತರಹದ್ದು, ಜೊತೆಗೆ ಜಾವಾನೋ ಪೈಥಾನೋ ಒಂದು ಕೋಡಿಂಗ್ ಭಾಷೆ ಬೇಕೇ ಬೇಕು ಅಂತಲೂ ಎಚ್ಚರಿಸಿದಳು.

ಭಾವನ ಕೆಲಸ ನೋಡಲು ಕಾಯಬೇಕಾಗಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿದ್ದ ಅವರ ಫೋನು ಬಡಿದುಕೊಂಡಿತು. ಯಾವುದೋ ಸರ್ವರಿನ ಡಿಸ್ಕ್ ತುಂಬುತ್ತಿದೆಯಂತೆ. ಎಡಗೈಯಲ್ಲೇ ಲ್ಯಾಪ್‌ಟಾಪ್ ತೆಗೆದು, ಕಪ್ಪು ಪರದೆಯಲ್ಲಿ ಲಿನಕ್ಸ್ ಕಮಾಂಡ್ ಕೊಟ್ಟು, ಹಳೆಯ ಲಾಗ್ ಫೈಲುಗಳನ್ನು ಹುಡುಕಿ ಖಾಲಿ ಮಾಡಿದರು. ಅಷ್ಟರಲ್ಲಿ ಸಾರು ಆರಿತ್ತು. ‘ಈ ವಾರ ನನ್ನ ಆನ್‌ಕಾಲ್ ಸರದಿ. ರಾತ್ರಿ ಎರಡಕ್ಕೆ ಬಂದ್ರೂ ಎದ್ದೇಳಬೇಕು’ ಅಂದರು. ಬೇಜಾರಿಲ್ಲವಾ ಅಂದರೆ, ‘ಕೆಟ್ಟಿದ್ದನ್ನ ಹುಡುಕಿ ಸರಿ ಮಾಡೋದ್ರಲ್ಲಿ ಒಂಥರಾ ಮಜಾ ಇದೆ’ ಅಂದರು. ಮಜಾ ಅವರಿಗಿರಲಿ. ಸೈಬರ್ ಸೆಕ್ಯುರಿಟಿಯ ಬಗ್ಗೆ ಕೇಳಿದಾಗಲೂ, ಹೊಸಬರಿಗೆ ಹೆಚ್ಚಾಗಿ ಸಿಗುವುದು ಪಾಳಿಯಲ್ಲಿ ಕೂತು ಅಲರ್ಟ್ ನೋಡುವ ಕೆಲಸ ಅಂತ ಹೇಳಿದರು. ನಿದ್ದೆಯ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಎರಡೂ ದಾರಿ ಅಲ್ಲೇ ಮುಚ್ಚಿದವು.

ಊಟ ಆದ ಮೇಲೆ ಭಾವ ಕೇಳಿದರು, ‘ಅದಿರಲಿ, ನೀನು ಅಂಗಡೀಲಿ ಏನು ಮಾಡ್ತೀಯ ಹೇಳು.’

ಹೇಳಿದೆ. ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳೆಲ್ಲ ಅದರಲ್ಲಿರುತ್ತವೆ. 20ರೊಳಗೆ ತೆರಿಗೆ ಕಟ್ಟುವ ರಿಟರ್ನ್, 3ಬಿ, ತುಂಬಬೇಕು. 2022ರ ಜನವರಿಯಿಂದೀಚೆಗೆ 2ಬಿಯಲ್ಲಿ ಕಾಣದ ಬಿಲ್ಲಿಗೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ್ದರಲ್ಲಿ ಮುರಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗಾಗಿ ನಡುವಿನ ಆ ದಿನಗಳಲ್ಲಿ ನಮ್ಮ ಖರೀದಿ ಪಟ್ಟಿಯನ್ನೂ 2ಬಿಯನ್ನೂ ಸಾಲು ಸಾಲಾಗಿ ಹೊಂದಿಸಿ, ಸಿಗದ ಬಿಲ್ಲಿನವರಿಗೆ ಫೋನ್ ಮಾಡಿ ಪೀಡಿಸುವುದೇ ನನ್ನ ಕೆಲಸ.

‘ಇದನ್ನೇ ನಾವು ಲೆಫ್ಟ್ ಜಾಯಿನ್ ಅಂತೀವಿ’ ಅಂದರು ಭಾವ. ಒಂದು ಪಟ್ಟಿಯ ಎಲ್ಲ ಸಾಲುಗಳನ್ನೂ ಇಟ್ಟುಕೊಂಡು ಇನ್ನೊಂದರಲ್ಲಿ ಅವುಗಳ ಜೋಡಿ ಹುಡುಕುವುದಂತೆ. ಹೆಸರುಗಳನ್ನೆಲ್ಲ ಅಳಿಸಿದ ಒಂದು ಹಳೆಯ ತಿಂಗಳ ಫೈಲು ನನ್ನ ಪೆನ್‌ಡ್ರೈವಿನಲ್ಲಿತ್ತು. ಎರಡು ಟೇಬಲ್ ಮಾಡಿ, ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ನಾಲ್ಕು ಸಾಲು ಬರೆದು ಓಡಿಸಿದರು. ಮುಕ್ಕಾಲು ಪಾಲು ಸಾಲುಗಳ ಮುಂದೆ ‘ನಲ್’ ಅಂತ ಬಂತು. ಅಂದರೆ ಜೋಡಿ ಸಿಕ್ಕಿಲ್ಲ. ಭಾವ ತಲೆ ಕೆರೆದುಕೊಂಡರು.

ನನಗೆ ನಗು ಬಂತು. ಇದು ನನ್ನ ಹಳೆಯ ಶತ್ರು. ನಮ್ಮ ಹುಡುಗ ಬಿಲ್ ನಂಬರನ್ನು ‘ಎಂಪಿ/0087’ ಅಂತ ಹೊಡೆದಿದ್ದರೆ ಪೋರ್ಟಲ್‌ನಲ್ಲಿ ‘ಎಂಪಿ-87’ ಅಂತ ಇರುತ್ತದೆ. ಕೆಲವು ನಂಬರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸು. ಒಬ್ಬ ಸಪ್ಲೈಯರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ತುಂಬುವವನು, ಅವನ ಬಿಲ್ ಈ ತಿಂಗಳು ಬರುವುದೇ ಇಲ್ಲ. ಕೆಲವು ಕಡೆ ಐವತ್ತು ಪೈಸೆ ರೌಂಡ್ ಮಾಡಿದ್ದಾರೆ. ವಾಪಸ್ ಕಳಿಸಿದ ಪೈಪಿನ ಕ್ರೆಡಿಟ್ ನೋಟ್ ಬೇರೆ ಜಾಗದಲ್ಲಿದೆ. ನಾನು ಹೇಳುತ್ತಾ ಹೋದೆ, ಭಾವ ಒಂದೊಂದಕ್ಕೂ ಕೋಡ್ ಸೇರಿಸುತ್ತಾ ಹೋದರು. ಸೊನ್ನೆ ತೆಗೆದರು, ಗೀಟು ತೆಗೆದರು, ಸ್ಪೇಸ್ ತೆಗೆದರು. ‘ನಲ್’ಗಳು ಕರಗುತ್ತಾ ಬಂದು ಕೊನೆಗೆ ನಿಜವಾಗಿಯೂ ಬಾರದ ಬಿಲ್‌ಗಳು ಮಾತ್ರ ಉಳಿದವು. ಕಾಫಿ ತಂದ ಅಕ್ಕ, ‘ಡೇಟಾ ಅನಲಿಸ್ಟ್‌ಗಳ ದಿನದ ಬಹುಪಾಲು ಇದೇ ಕಣೋ, ಕ್ಲೀನ್ ಮಾಡೋದು. ಚಾರ್ಟು ಗೀರ್ಟು ಆಮೇಲೆ’ ಅಂದಳು.

ಐಟಿಯಲ್ಲಿ ಎಲ್ಲರೂ ಬೈಯುವ ಕೆಲಸ ಇದಂತೆ. ನಾನು ವರ್ಷಗಟ್ಟಲೆ ಬೈಯದೆ ಮಾಡಿಕೊಂಡು ಬಂದಿದ್ದೇನೆ. ತಪ್ಪಿದ ಬಿಲ್ ಸಿಕ್ಕಿದಾಗ ಒಳಗೊಳಗೇ ಖುಷಿಪಡುತ್ತೇನೆ ಕೂಡ. ಡೇಟಾ ಅನಲಿಸ್ಟ್ ಕೆಲಸವೇ ಸರಿ, ನನ್ನ ಆಯ್ಕೆ ಅಲ್ಲೇ ಆಗಿಹೋಯಿತು.

ಚಿಕ್ಕಪ್ಪನ ಸ್ಯಾಪ್ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅದರಲ್ಲಿ ಲೆಕ್ಕಪತ್ರದ ಭಾಗ ನಮ್ಮಂಥವರಿಗೇ ಮಾಡಿಸಿದ್ದು. ಆದರೆ ಅದನ್ನು ಮನೆಯಲ್ಲಿ ಕೂತು ಬಿಟ್ಟಿಯಾಗಿ ಅಭ್ಯಾಸ ಮಾಡುವುದು ಕಷ್ಟ, ಕೈಗೆ ಪ್ರಾಜೆಕ್ಟ್ ಸಿಗದೆ ಕೋರ್ಸ್ ಒಂದರಿಂದ ಆಗುವುದಿಲ್ಲ ಅಂದರು ಭಾವ. ಎಸ್‌ಕ್ಯೂಎಲ್ ಹಾಗಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸುಗಳೆರಡೂ ಪುಕ್ಕಟೆ. ಚಾರ್ಟು ಮಾಡುವ ಪವರ್ ಬಿಐ ಡೆಸ್ಕ್‌ಟಾಪ್ ಕೂಡ ವಿಂಡೋಸ್‌ನಲ್ಲಿ ಪುಕ್ಕಟೆ. ಇನ್ನು ನಾಳೆ ಇದೂ ಹಳೆಯದಾದರೆ ಅನ್ನುವ ಭಯಕ್ಕೆ ಭಾವ ಕೊಟ್ಟ ಉತ್ತರ ಹಿಡಿಸಿತು. ಐಬಿಎಂನಲ್ಲಿ ಎಸ್‌ಕ್ಯೂಎಲ್ ಹುಟ್ಟಿದ್ದೇ 1970ರ ದಶಕದಲ್ಲಂತೆ. ನನಗಿಂತ ಹಳೆಯದು, ಇನ್ನೂ ನಡೆಯುತ್ತಿದೆ. ಎಐ ಕ್ವೆರಿ ಬರೆಯಲಿ, ಬೇಡ ಅಂದವರಾರು? ಮೂರು ತಿಂಗಳಿಗೊಮ್ಮೆ ರಿಟರ್ನ್ ತುಂಬುವ ಆ ಸಪ್ಲೈಯರ್‌ನ ಕಥೆ ಅದಕ್ಕೂ ಯಾರಾದರೂ ಹೇಳಲೇಬೇಕಲ್ವಾ.

ಸಂಬಳ? ಮೊದಲ ಕೆಲಸದಲ್ಲಿ ಹೊಸಬರ ಸಂಬಳವೇ. ನನ್ನ ಈಗಿನ ಸಂಬಳ ಇಳಿಯುವಷ್ಟು ಎತ್ತರದಲ್ಲೂ ಇಲ್ಲ, ಅದೊಂದು ಅನುಕೂಲ.

ಸೋಮವಾರ ಯಜಮಾನರಿಗೆ ವಿಷಯ ಹೇಳಿಬಿಟ್ಟೆ. ಹಿಂದಿನಿಂದ ಯಾರೋ ಹೇಳುವುದಕ್ಕಿಂತ ಅದೇ ವಾಸಿ ಅನ್ನಿಸಿತು. ಅವರು ಪೈಪಿನ ಲೋಡ್ ಎಣಿಸುವುದು ನಿಲ್ಲಿಸಲಿಲ್ಲ. ‘ಕಲಿಯಪ್ಪ, ಬೇಡ ಅನ್ನಲ್ಲ. ಹೋಗೋದಾದ್ರೆ ಮಾರ್ಚ್ ಮುಗಿಸ್ಕೊಂಡು ಹೋಗು. ಆಮೇಲೆ ಆ ಮ್ಯಾಚಿಂಗ್ ಏನೋ ಕಂಪ್ಯೂಟರ್ರೇ ಮಾಡುತ್ತೆ ಅಂದ್ಯಲ್ಲ, ಮೊದಲು ಅದನ್ನ ಇಲ್ಲಿ ಮಾಡಿಕೊಡು’ ಅಂದರು.