ಹುಡುಗಿಯರ ಅಂಕಗಳ ಹಿಂದೆ

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 81.11ರಷ್ಟು ಮಂದಿ ತೇರ್ಗಡೆಯಾದರೆ, ಹುಡುಗರಲ್ಲಿ ಆ ಪ್ರಮಾಣ ಶೇ 65.90 ಮಾತ್ರ. ಇದನ್ನು ಹುಟ್ಟುಬುದ್ಧಿಯ ಲೆಕ್ಕಕ್ಕೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಸಂಜೆಯಾದರೆ ಹುಡುಗ ಬಸ್ ನಿಲ್ದಾಣದ ಕಟ್ಟೆಗೆ ಹೋಗುತ್ತಾನೆ. ಹೊಸ್ತಿಲು ದಾಟಬಾರದೆಂಬ ಕಟ್ಟುಪಾಡಿನ ಅವನ ಅಕ್ಕ ತಾಯಿಯೊಂದಿಗೆ ರೊಟ್ಟಿ ಬಡಿದು, ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉಳಿದ ಹೊತ್ತಿನಲ್ಲಿ ಪುಸ್ತಕ ಹಿಡಿಯುತ್ತಾಳೆ. ಹೀಗೆ ಮನೆ, ಸಮಾಜಗಳು ಮಕ್ಕಳಿಗೆ ನಡೆನುಡಿ ಕಲಿಸುವುದನ್ನು ಸಮಾಜಶಾಸ್ತ್ರ ಸಾಮಾಜೀಕರಣ ಎನ್ನುತ್ತದೆ. ಮನೆ ಕಲಿಸಿದ ವಿಧೇಯತೆ, ಅಚ್ಚುಕಟ್ಟು, ತಾಳ್ಮೆಗಳಿಗೇ ಶಾಲೆಯೂ ಅಂಕ ಕೊಡುತ್ತದೆ.

1970ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಮಿಕ ಕುಟುಂಬಗಳ ಹುಡುಗರನ್ನು ಹತ್ತಿರದಿಂದ ಗಮನಿಸಿದ ಸಮಾಜಶಾಸ್ತ್ರಜ್ಞ ಪಾಲ್ ವಿಲ್ಲಿಸ್, ಓದನ್ನು ಹೀಯಾಳಿಸಿ ಮೈಮುರಿಯುವ ದುಡಿಮೆಯನ್ನೇ ಗಂಡಸುತನವೆಂದು ಬಗೆಯುವ ಗೆಳೆಯರ ಗುಂಪು ಅವರನ್ನು ಕೊನೆಗೆ ಕಾರ್ಖಾನೆಗೇ ಮುಟ್ಟಿಸುತ್ತದೆ ಎಂದು ತೋರಿಸಿದರು. ನಮ್ಮ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಜೋರಾಗುವುದೂ ಪರೀಕ್ಷೆಯ ತಯಾರಿಯ ದಿನಗಳಲ್ಲೇ. ಆಗ ಕೈಗೆ ಬರುವ ಕೂಲಿ ಹುಡುಗನಿಗೆ ಅಂಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಹಂತ. ಒಳ್ಳೆಯ ಅಂಕ ಪಡೆದ ಮಗಳನ್ನು ಸುರಕ್ಷತೆಯ ಹೆಸರಿನಲ್ಲಿ ಹತ್ತಿರದ ಕಾಲೇಜಿನ ಕಲಾ ವಿಭಾಗಕ್ಕೆ ಸೇರಿಸುವ ಅದೇ ತಂದೆ, ಅವಳಿಗಿಂತ ಕಡಿಮೆ ಅಂಕದ ಮಗನನ್ನು ಸಾಲ ಮಾಡಿಯಾದರೂ ವಿಜ್ಞಾನ ಓದಲು ಧಾರವಾಡಕ್ಕೆ ಕಳಿಸುತ್ತಾನೆ.